ಮದರಾಸು ವಿಶ್ವವಿದ್ಯಾನಿಲಯ

ದಕ್ಷಿಣ ಭಾರತದ ಮೊದಲ ಆಧುನಿಕ ವಿಶ್ವವಿದ್ಯಾನಿಲಯ. ಮುಖ್ಯ ಆವರಣ ಚೆನ್ನೈನ ಚೇಪಾಕದಲ್ಲಿ, ಮರೀನಾ ಕಡಲತೀರಕ್ಕೆ ಎದುರಾಗಿದೆ. 1857ರ ಸೆಪ್ಟೆಂಬರ್ 5ರ ಕಾಯಿದೆಯಿಂದ ಸ್ಥಾಪನೆಯಾಯಿತು. ಅದೇ ವರ್ಷ ಜನವರಿಯಲ್ಲಿ ಕಲ್ಕತ್ತೆಯಲ್ಲಿ, ಜುಲೈಯಲ್ಲಿ ಮುಂಬಯಿಯಲ್ಲಿ ಇಂಥವೇ ಎರಡು ಸಂಸ್ಥೆಗಳು ಹುಟ್ಟಿದ್ದವು. 1916ರವರೆಗೆ ಬೆಂಗಳೂರು, ಮೈಸೂರಿನ ಕಾಲೇಜುಗಳೂ, ರಾಜ್ಯ ಪುನರ್ವಿಂಗಡಣೆಯವರೆಗೆ ಮಂಗಳೂರು, ಉಡುಪಿಯ ಕಾಲೇಜುಗಳೂ ಇದಕ್ಕೆ ಸಂಯೋಜಿತವಾಗಿದ್ದವು. ಆದ್ದರಿಂದ ಹಳೆಯ ಮೈಸೂರು ಮತ್ತು ಕರಾವಳಿಯ ಉನ್ನತ ಶಿಕ್ಷಣದ ಚರಿತ್ರೆಯನ್ನು ಮದರಾಸಿನಿಂದಲೇ ಆರಂಭಿಸಬೇಕಾಗುತ್ತದೆ.

ವಿಶ್ವವಿದ್ಯಾನಿಲಯ ಬೇಕೆಂಬ ಬೇಡಿಕೆ ಊರಿನವರಿಂದಲೇ ಬಂದದ್ದು ಗಮನಾರ್ಹ. 1839ರ ನವೆಂಬರ್ 11ರಂದು ಅಡ್ವೊಕೇಟ್ ಜನರಲ್ ಜಾರ್ಜ್ ನಾರ್ಟನ್, ಸುಮಾರು 70,000 ಜನರ ಸಹಿಯಿದ್ದ ಮನವಿಯನ್ನು ಗವರ್ನರ್ ಎಲ್ಫಿನ್‌ಸ್ಟನ್‌ಗೆ ಸಲ್ಲಿಸಿದರು. ಅದರ ಫಲವಾಗಿ 1841ರಲ್ಲಿ ಒಂದು ಹೈಸ್ಕೂಲು ತೆರೆಯಿತು. 1853ರಲ್ಲಿ ಅದಕ್ಕೆ ಕಾಲೇಜು ತರಗತಿಗಳು ಸೇರಿದವು. ಮುಂದೆ ಅದೇ ಪ್ರೆಸಿಡೆನ್ಸಿ ಕಾಲೇಜಾಯಿತು. ಶಿಕ್ಷಣದ ಬಗೆಗಿನ 1854ರ ವುಡ್ ಪತ್ರ (ವುಡ್ಸ್ ಡಿಸ್‌ಪ್ಯಾಚ್) ಮೂರು ಪ್ರೆಸಿಡೆನ್ಸಿ ನಗರಗಳಲ್ಲೂ ವಿಶ್ವವಿದ್ಯಾನಿಲಯ ಇರಬೇಕೆಂದು ಸೂಚಿಸಿದ ಮೇಲೆ ಕಾಯಿದೆಯ ದಾರಿ ಸುಗಮವಾಯಿತು. ಮೊದಲ ಕುಲಪತಿ ಗವರ್ನರ್ ಹ್ಯಾರಿಸ್; ಮೊದಲ ಉಪಕುಲಪತಿ ಕ್ರಿಸ್ಟೋಫರ್ ರಾಲಿನ್‌ಸನ್.

ಪೋಲೆಂಡಿನಲ್ಲಿ 1364ರಲ್ಲಿ ಆರಂಭವಾದ ಕ್ರಾಕೋವ್ ವಿಶ್ವವಿದ್ಯಾನಿಲಯದಂಥ ಯುರೋಪಿನ ಹಳೆಯ ಸಂಸ್ಥೆಗಳು ಪಾಠ ಹೇಳುವವರೂ ಕಲಿಯುವವರೂ ಒಂದೆಡೆ ಸೇರಿ ಬೆಳೆದಂಥವು. ಮದರಾಸು ಆ ಮಾದರಿಯನ್ನು ಹಿಡಿಯಲಿಲ್ಲ. ಲಂಡನ್ ವಿಶ್ವವಿದ್ಯಾನಿಲಯದಂತೆ ಇಲ್ಲಿ ಪಠ್ಯ ಗೊತ್ತುಮಾಡುವುದು, ಪರೀಕ್ಷೆ ನಡೆಸುವುದು, ಪದವಿ ಕೊಡುವುದು ಇಷ್ಟೇ ಕೆಲಸ. ಪಾಠವೆಲ್ಲ ದೂರದೂರದ ಕಾಲೇಜುಗಳ ಪಾಲು. ವಿದ್ಯಾರ್ಥಿ ಮೆಟ್ರಿಕ್ಯುಲೇಷನ್ ದಾಟಿ, ಎರಡು ವರ್ಷ ಓದಿ ಎಫ್.ಎ. (ಫಸ್ಟ್ ಆರ್ಟ್ಸ್) ಮುಗಿಸಿ, ಮತ್ತೆರಡು ವರ್ಷಕ್ಕೆ ಬಿ.ಎ.ಗೆ ಕೂರುತ್ತಿದ್ದ. ಈ ಏರ್ಪಾಡಿನಿಂದ ಸಂಶೋಧನೆಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನೆಲೆಯೇ ಸಿಗಲಿಲ್ಲ. ಆದರೆ ಮಂಗಳೂರಿನಂಥ ಊರಿನ ಹುಡುಗ ತನ್ನ ಊರಿನಲ್ಲೇ ಓದಿ ಪದವೀಧರನಾಗಲು ಸಾಧ್ಯವಾದದ್ದೂ ಇದರಿಂದಲೇ. ಈ ಎರಡನೆಯ ಮಾತನ್ನು ಟೀಕಾಕಾರರು ಸಾಮಾನ್ಯವಾಗಿ ಮರೆಯುತ್ತಾರೆ.

ಬೆಂಗಳೂರಿನಲ್ಲಿ 1858ರಲ್ಲಿ ಹೈಸ್ಕೂಲಾಗಿ ಆರಂಭವಾದ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು, 1880ರಲ್ಲಿ ಜೆಸ್ಯೂಟ್ ಪಾದ್ರಿಗಳು ಮಂಗಳೂರಿನಲ್ಲಿ ತೆರೆದ ಸೇಂಟ್ ಅಲೋಶಿಯಸ್ ಕಾಲೇಜು ಎಲ್ಲವೂ ಮದರಾಸಿನ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುತ್ತಿದ್ದವು. ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಪಡೆದದ್ದು ಮದರಾಸಿನ ಬಿ.ಎ. ಬಿ.ಎಂ. ಶ್ರೀಕಂಠಯ್ಯನವರ ಎಂ.ಎ. ಕೂಡ ಮದರಾಸಿನದೇ. ಮೈಸೂರಿಗೆ ಸ್ವಂತ ವಿಶ್ವವಿದ್ಯಾನಿಲಯ ಬೇಕೆಂದು ಪಟ್ಟು ಹಿಡಿದು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1916ರ ಜುಲೈ 27ರಂದು ಅದನ್ನು ಕಟ್ಟಿದ ದಿವಾನ ವಿಶ್ವೇಶ್ವರಯ್ಯನವರು ಹೀಗೆ ಮದರಾಸಿನ ಪದವೀಧರರು. ಅಲ್ಲಿನ ಮೊದಲ ಉಪಕುಲಪತಿ ಎಚ್.ವಿ. ನಂಜುಂಡಯ್ಯನವರೂ ಮದರಾಸಿನಲ್ಲೇ ಓದಿದವರು. ಪಠ್ಯವನ್ನೂ ಪರೀಕ್ಷೆಯನ್ನೂ ನಾಡಿನ ಹೊರಗಿನ ಸಂಸ್ಥೆ ನಿರ್ಧರಿಸುವಾಗ ಆಗುವ ತೊಡಕು ಇಬ್ಬರಿಗೂ ಸ್ವಾನುಭವದಿಂದ ತಿಳಿದಿತ್ತು. 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ಆರಂಭವಾದದ್ದು ಸ್ವಂತ ವಿಶ್ವವಿದ್ಯಾನಿಲಯವಿದ್ದುದರಿಂದ.

ವಿಶ್ವವಿದ್ಯಾನಿಲಯದ ಹೆಗ್ಗುರುತು ಸೆನೆಟ್ ಹೌಸ್. ರಾಬರ್ಟ್ ಚಿಶೋಮ್ ರೂಪಿಸಿದ ಈ ಕಟ್ಟಡ 1874ರಿಂದ 1879ರ ಅವಧಿಯಲ್ಲಿ ಎದ್ದಿತು. ಇಂಡೋ-ಸಾರ್ಸೆನಿಕ್ ಶೈಲಿಯ ಗುಮ್ಮಟ ಹೊತ್ತ ಮೂಲೆಯ ಗೋಪುರಗಳು, ಬಣ್ಣದ ಗಾಜಿನ ಕಿಟಕಿಗಳು, ಕೆತ್ತನೆಯ ಕಂಬಗಳು, ಒಳಗೆ ವಿಶಾಲವಾದ ಸಭಾಂಗಣ.

1904ರ ಭಾರತೀಯ ವಿಶ್ವವಿದ್ಯಾನಿಲಯಗಳ ಕಾಯಿದೆ ಬೋಧನೆಗೂ ಸಂಶೋಧನೆಗೂ ಅವಕಾಶ ಕೊಟ್ಟಿತು. ಬದಲಾವಣೆ ನಿಧಾನವಾಗಿ ಬಂತು. ಪದವಿ ಮುಗಿಸದಿದ್ದ, ಬಂದರು ಕಚೇರಿಯ ಗುಮಾಸ್ತ ಶ್ರೀನಿವಾಸ ರಾಮಾನುಜನ್‌ಗೆ 1913ರಲ್ಲಿ ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನ ಕೊಟ್ಟದ್ದು ಈ ಸಂಸ್ಥೆ ಮಾಡಿದ ಅತ್ಯಂತ ಒಳ್ಳೆಯ ಕೆಲಸಗಳಲ್ಲೊಂದು. ಪರೀಕ್ಷೆ ನಡೆಸುವುದಕ್ಕೆಂದೇ ಹುಟ್ಟಿದ ಸಂಸ್ಥೆ, ಪರೀಕ್ಷೆಯಲ್ಲಿ ಸೋತವನ ಪ್ರತಿಭೆಯನ್ನು ಗುರುತಿಸಿತು. ಮರುವರ್ಷ ಭಾರತೀಯ ಇತಿಹಾಸ ಮತ್ತು ಪುರಾತತ್ತ್ವದ ಪೀಠಕ್ಕೆ ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ಯರು ಬಂದರು. ಅದಕ್ಕೆ ಮುನ್ನ ಅವರು ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. 1923ರ ಕಾಯಿದೆ ಆಡಳಿತವನ್ನು ಪುನಾರಚಿಸಿ, ಬೋಧನಾ ವಿಭಾಗಗಳು ಬೆಳೆಯಲು ಅನುವುಮಾಡಿತು. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರು 1942ರಿಂದ 1969ರವರೆಗೆ, ಸತತ 27 ವರ್ಷ, ಉಪಕುಲಪತಿಯಾಗಿದ್ದರು.

ವ್ಯಾಪ್ತಿ ಮಾತ್ರ ಕುಗ್ಗುತ್ತಲೇ ಹೋಯಿತು. 1926ರಲ್ಲಿ ಆಂಧ್ರ, 1937ರಲ್ಲಿ ತಿರುವಾಂಕೂರು ವಿಶ್ವವಿದ್ಯಾನಿಲಯಗಳು ಹುಟ್ಟಿದವು. 1956ರ ನಂತರ ದಕ್ಷಿಣ ಕನ್ನಡದ ಕಾಲೇಜುಗಳು ಮೈಸೂರಿನ ಅಧೀನಕ್ಕೆ ಬಂದವು. 1980ರಲ್ಲಿ ಮಂಗಳೂರಿಗೆ ತನ್ನದೇ ವಿಶ್ವವಿದ್ಯಾನಿಲಯವಾಯಿತು. ತಮಿಳುನಾಡಿನೊಳಗೇ 1978ರಲ್ಲಿ ಅಣ್ಣಾ, 1982ರಲ್ಲಿ ಭಾರತಿಯಾರ್ ಮತ್ತು ಭಾರತಿದಾಸನ್ ವಿಶ್ವವಿದ್ಯಾನಿಲಯಗಳು ಬಂದವು.

ಕನ್ನಡಕ್ಕೆ ಇಲ್ಲಿಂದ ಸಂದದ್ದು ಸಣ್ಣದಲ್ಲ. 1927ರಲ್ಲಿ ಆರಂಭವಾದ ಪ್ರಾಚ್ಯ ಸಂಶೋಧನ ಸಂಸ್ಥೆಯಲ್ಲಿ ಕನ್ನಡಕ್ಕೂ ಸ್ಥಾನವಿತ್ತು. ಎ. ವೆಂಕಟರಾವ್ ಮತ್ತು ಪಂಡಿತ ಎಚ್. ಶೇಷ ಅಯ್ಯಂಗಾರ್ ಅವರು ಸಂಪಾದಿಸಿದ ‘ಕವಿರಾಜಮಾರ್ಗ’ 1930ರಲ್ಲಿ ಇಲ್ಲಿಂದ ಹೊರಬಂತು. ಹಳಗನ್ನಡದ ಇನ್ನಷ್ಟು ಗ್ರಂಥಗಳು ಅದೇ ಮಾಲೆಯಲ್ಲಿ ಅಚ್ಚಾದವು. ಕನ್ನಡ ಜಿಲ್ಲೆಗಳೆಲ್ಲ ಕೈಬಿಟ್ಟುಹೋದ ಮೇಲೂ ಕೆಲಸ ನಿಲ್ಲಲಿಲ್ಲ. ಎಂ. ಮರಿಯಪ್ಪ ಭಟ್ಟರು ಎ. ಶಂಕರ ಕೆದಿಲಾಯರೊಡನೆ ಸಿದ್ಧಪಡಿಸಿದ ತುಳು–ಇಂಗ್ಲಿಷ್ ನಿಘಂಟು 1967ರಲ್ಲಿ ಪ್ರಕಟವಾಯಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಹಾಕಿದ್ದ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ಕೋಶವನ್ನು ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದರು. ಅದು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಾಗಿ ಮದರಾಸಿನಿಂದ ಪ್ರಕಟವಾಯಿತು. ಕನ್ನಡ ವಿಭಾಗ ಇಂದಿಗೂ ಮರೀನಾ ಆವರಣದಲ್ಲಿದೆ.