ಎರಡು ರೂಪಾಯಿ ಬಂಡವಾಳ, ಐದು ಲಕ್ಷ ನಿರ್ಮಾಪಕರು

ಉಪ್ಪಿನಕಾಯಿ ಮಾರುವವರಿಂದ ಹಿಡಿದು ಉಕ್ಕು ತಯಾರಿಸುವವರವರೆಗೆ ಇಂದು ಎಲ್ಲರಿಗೂ ಒಂದು ವಿಡಿಯೊ ಬೇಕು. ಸರಕಿನ ಗುಣಗಾನ ಮಾಡುವುದಕ್ಕಿಂತ ಅದರ ಹಿಂದಿರುವ ಮನುಷ್ಯರ ಕಥೆ ಹೇಳಿದರೆ ಗಿರಾಕಿ ಬೇಗ ಒಲಿಯುತ್ತಾನೆ ಎಂಬುದು ವ್ಯಾಪಾರಿಗಳು ಜಪಿಸುತ್ತಿರುವ ಮಂತ್ರ. ಆದರೆ ಈ ಮಂತ್ರ ಹೊಸದೇನಲ್ಲ. ದೇಶದ ಬಹುಪಾಲು ಹಳ್ಳಿಗಳು ಟಿ.ವಿ.ಯ ಮುಖವನ್ನೇ ನೋಡಿರದ ಕಾಲದಲ್ಲಿ ಗುಜರಾತಿನ ಹಾಲು ಉತ್ಪಾದಕರು ಇದನ್ನು ಮಾಡಿ ತೋರಿಸಿದ್ದರು. 1976ರಲ್ಲಿ ತೆರೆಕಂಡ ‘ಮಂಥನ್’ ಹಿಂದಿ ಚಿತ್ರವೇ ಅದಕ್ಕೆ ಸಾಕ್ಷಿ. ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ತೆಗೆಸಿದ ಈ ಚಿತ್ರ ಹಾಲಿನ ಸಹಕಾರ ಸಂಘಗಳನ್ನು ಬೆಳೆಸಲು ನೆರವಾದ ಬಗೆ ಇಂದಿಗೂ ಕುತೂಹಲಕರ.

ಹಿನ್ನೆಲೆ

ಗುಜರಾತಿನ ಖೇಡಾ ಜಿಲ್ಲೆಯ ರೈತರು ಒಂದು ಕಾಲಕ್ಕೆ ಖಾಸಗಿ ಡೇರಿ ಮತ್ತು ಅದರ ದಲ್ಲಾಳಿಗಳು ಹೇಳಿದ ಬೆಲೆಗೆ ಹಾಲು ಕೊಡಬೇಕಾಗಿತ್ತು. ಇದರ ವಿರುದ್ಧ ಸಿಡಿದೆದ್ದ ಅವರು 1946ರಲ್ಲಿ ತಮ್ಮದೇ ಸಹಕಾರಿ ಒಕ್ಕೂಟ ಕಟ್ಟಿದರು. ತ್ರಿಭುವನದಾಸ್ ಪಟೇಲ್ ಅದರ ನಾಯಕ. 1949ರಲ್ಲಿ ಆನಂದ್ ಪಟ್ಟಣಕ್ಕೆ ಬಂದ ಕೇರಳದ ಎಂಜಿನಿಯರ್ ವರ್ಗೀಸ್ ಕುರಿಯನ್ ಅಲ್ಲೇ ನೆಲೆ ನಿಂತರು. ಮುಂದೆ ‘ಅಮುಲ್’ ಎಂದು ಮನೆಮಾತಾದದ್ದು ಇದೇ ಒಕ್ಕೂಟದ ಬೆಣ್ಣೆ, ಹಾಲಿನ ಪುಡಿ.

1965ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಗಿ, 1970ರಲ್ಲಿ ‘ಆಪರೇಷನ್ ಫ್ಲಡ್’ ಎಂಬ ಕ್ಷೀರಧಾರೆ ಯೋಜನೆ ಆರಂಭವಾಯಿತು. ಆನಂದ್ ಮಾದರಿಯನ್ನು ದೇಶಕ್ಕೆಲ್ಲ ಹಬ್ಬಿಸುವುದು ಗುರಿ. ತೊಡಕು ಎದುರಾದದ್ದು ಇಲ್ಲಿಯೇ. ಪೇಟೆಯ ಗಿರಾಕಿಗೆ ಬೆಣ್ಣೆ ಮಾರಲು ಒಂದು ಜಾಹೀರಾತು ಫಲಕ ಸಾಕು. ಆದರೆ ದೂರದ ಹಳ್ಳಿಯ ರೈತನಿಗೆ ‘ಸಾಲ ಕೊಟ್ಟ ಸಾಹುಕಾರನನ್ನು ಬಿಟ್ಟು ಸಂಘಕ್ಕೆ ಹಾಲು ಹಾಕು’ ಎಂದು ಹೇಳುವುದು ಹೇಗೆ? ಅಲ್ಲಿ ಮಾರಬೇಕಾಗಿದ್ದುದು ಹಾಲನ್ನಲ್ಲ, ನಂಬಿಕೆಯನ್ನು.

ಜಾಹೀರಾತಿನಿಂದ ಬಂದ ನಿರ್ದೇಶಕ

ಈ ಕೆಲಸಕ್ಕೆ ಸಿಕ್ಕವರು ಶ್ಯಾಮ್ ಬೆನಗಲ್. ಹೈದರಾಬಾದಿನಲ್ಲಿ ಬೆಳೆದ, ಕರಾವಳಿ ಕರ್ನಾಟಕದ ಮೂಲದ ಬೆನಗಲ್ ಮುಂಬೈಯ ಜಾಹೀರಾತು ಸಂಸ್ಥೆಯಲ್ಲಿ ಕಾಪಿ ಬರೆಯುತ್ತ ವೃತ್ತಿ ಆರಂಭಿಸಿದವರು. ನೂರಾರು ಜಾಹೀರಾತು ಚಿತ್ರಗಳನ್ನು ಮಾಡಿ ಕೈ ಪಳಗಿಸಿಕೊಂಡಿದ್ದರು. ಅವರ ಮೊದಲ ಕಥಾಚಿತ್ರ ‘ಅಂಕುರ್’ (1974) ಮತ್ತು ಅನಂತರದ ‘ನಿಶಾಂತ್’ (1975) ಚಿತ್ರಗಳಿಗೆ ಹಣ ಹಾಕಿದ್ದೂ ಚಿತ್ರಮಂದಿರಗಳಿಗೆ ಜಾಹೀರಾತು ಚಿತ್ರಗಳನ್ನು ಹಂಚುತ್ತಿದ್ದ ಬ್ಲೇಜ್ ಸಂಸ್ಥೆಯೇ.

ಕ್ಷೀರ ಯೋಜನೆಗಾಗಿ ಬೆನಗಲ್ ಸಾಕ್ಷ್ಯಚಿತ್ರಗಳನ್ನೂ ತೆಗೆದಿದ್ದರು. ಆದರೆ ಸಾಕ್ಷ್ಯಚಿತ್ರ ನೋಡುವವರು ಆಗಲೇ ಆ ವಿಚಾರ ಒಪ್ಪಿದವರು. ಒಪ್ಪದವರನ್ನು ತಲುಪಬೇಕಾದರೆ ಕಥೆ ಬೇಕು, ನಟ-ನಟಿಯರು ಬೇಕು, ಹಾಡು ಬೇಕು ಎಂಬುದು ಅವರ ವಾದ. ಕುರಿಯನ್ ಒಪ್ಪಿದರು. ಆದರೆ ಸುಮಾರು ಹತ್ತು ಲಕ್ಷ ರೂಪಾಯಿ ತರುವುದು ಎಲ್ಲಿಂದ? ಒಂದು ದಿನ ಬೆಳಿಗ್ಗೆ ಹಾಲು ಹಾಕಿದಾಗ ಬರುವ ಹಣದಲ್ಲಿ ಪ್ರತಿಯೊಬ್ಬ ಸದಸ್ಯನೂ ಎರಡು ರೂಪಾಯಿ ಬಿಟ್ಟುಕೊಟ್ಟರೆ ಸಾಕು ಎಂಬ ಉಪಾಯ ಹೊಳೆಯಿತು. ಹೀಗೆ ಐದು ಲಕ್ಷ ರೈತರು ಚಿತ್ರ ನಿರ್ಮಾಪಕರಾದರು. ಚಿತ್ರದ ಶೀರ್ಷಿಕೆಯಲ್ಲಿ ನಿರ್ಮಾಪಕರ ಜಾಗದಲ್ಲಿ ನಮೂದಾಗಿರುವುದು ‘ಗುಜರಾತಿನ 5 ಲಕ್ಷ ರೈತರು’ ಎಂದೇ.

ಸಿಹಿ ಲೇಪವಿಲ್ಲದ ಕಥೆ

ಚಿತ್ರೀಕರಣ ನಡೆದದ್ದು ರಾಜಕೋಟ್ ಬಳಿಯ ಸಾಂಗಣವಾ ಎಂಬ ಹಳ್ಳಿಯಲ್ಲಿ. ವಿಜಯ್ ತೆಂಡೂಲ್ಕರ್ ಚಿತ್ರಕಥೆ ಬರೆದರು, ಕೈಫಿ ಆಜ್ಮಿ ಸಂಭಾಷಣೆ ಕೊಟ್ಟರು, ಗೋವಿಂದ ನಿಹಲಾನಿ ಕ್ಯಾಮೆರಾ ಹಿಡಿದರು. ಸ್ಮಿತಾ ಪಾಟೀಲ್, ನಾಸಿರುದ್ದೀನ್ ಶಾ, ಅಮರೀಶ್ ಪುರಿ, ಕುಲಭೂಷಣ್ ಖರಬಂದಾ ಅವರಂಥ ಘಟಾನುಘಟಿಗಳ ತಾರಾಗಣ. ಕನ್ನಡಿಗರಿಗೆ ಇನ್ನೂ ಹತ್ತಿರದ ಸಂಗತಿಯೆಂದರೆ, ಹಳ್ಳಿಗೆ ಬರುವ ಪಶುವೈದ್ಯ ಡಾ. ರಾವ್ ಪಾತ್ರ ವಹಿಸಿದವರು ಗಿರೀಶ ಕಾರ್ನಾಡ. ಅವರ ಸಹೋದ್ಯೋಗಿ ಚಂದಾವರ್ಕರ್ ಆಗಿ ನಟಿಸಿದವರು ಅನಂತ್ ನಾಗ್.

ಹಣ ಹಾಕಿದವರು ಹಾಲು ಒಕ್ಕೂಟದವರು ಎಂದಮೇಲೆ ಸಂಘ ಬಂದು ಊರು ಉದ್ಧಾರವಾಯಿತು ಎಂದು ಚಿತ್ರ ಮುಗಿಯಬಹುದಿತ್ತು. ಹಾಗಾಗಲಿಲ್ಲ. ಹಾಲಿನ ಜಿಡ್ಡು ಪರೀಕ್ಷಿಸಲು ಮನೆಮನೆಗೆ ಹೋಗುವ ಡಾಕ್ಟರನ್ನು ಊರು ಅನುಮಾನದಿಂದಲೇ ನೋಡುತ್ತದೆ. ಡೇರಿ ಮಾಲೀಕ ಮಿಶ್ರಾ ಕಡಿಮೆ ಬೆಲೆ ಕೊಟ್ಟರೂ ಕಷ್ಟಕಾಲಕ್ಕೆ ಸಾಲ ಕೊಡುತ್ತಾನೆ ಎಂಬುದು ಹಳ್ಳಿಗರ ಲೆಕ್ಕಾಚಾರ. ಸಂಘವೇನೋ ಹುಟ್ಟುತ್ತದೆ. ಆದರೆ ಅದನ್ನು ತನ್ನ ಜೇಬಿಗೆ ಹಾಕಿಕೊಳ್ಳಲು ಸರಪಂಚ ಹವಣಿಸುತ್ತಾನೆ. ದಲಿತ ಕೇರಿಯ ಯುವಕ ಭೋಲಾ ಎದುರು ನಿಲ್ಲುತ್ತಾನೆ. ಚುನಾವಣೆಯಲ್ಲಿ ಸರಪಂಚ ಸೋತಾಗ ಹಾಲಿನ ಜಗಳ ಜಾತಿಯ ಜಗಳವಾಗುತ್ತದೆ. ಡಾಕ್ಟರನ ಮೇಲೆ ಸುಳ್ಳು ದೂರು ಹುಟ್ಟಿಸಲು ಬಿಂದು ಎಂಬ ಹೆಂಗಸಿನ ಹೆಬ್ಬೆಟ್ಟನ್ನು ಬಳಸಿಕೊಳ್ಳುತ್ತಾರೆ. ಕೊನೆಗೆ ಡಾ. ರಾವ್‌ಗೆ ವರ್ಗವಾಗುತ್ತದೆ. ನಾಯಕ ರೈಲು ಹತ್ತಿ ಹೋಗುತ್ತಾನೆ; ಹಾಲು ತನ್ನಿ ಎಂದು ಜನರನ್ನು ಕರೆಯುವ ಕೆಲಸ ಭೋಲಾನ ಪಾಲಿಗೆ ಬರುತ್ತದೆ.

ಜಾಹೀರಾತಿನ ಕಣ್ಣಿನಿಂದ ನೋಡಿದರೆ ಇದು ಕೆಟ್ಟ ಅಂತ್ಯ. ಆದರೆ ಹಳ್ಳಿಯ ಪ್ರೇಕ್ಷಕನ ಮಟ್ಟಿಗೆ ಇದೇ ಅದರ ಬಲ. ತನ್ನೂರಿನ ಸರಪಂಚ, ತನ್ನೂರಿನ ಸಾಲಗಾರ, ತನ್ನೂರಿನ ಕೇರಿ ತೆರೆಯ ಮೇಲೆ ಇದ್ದಂತೆಯೇ ಕಂಡಾಗ ಮಾತ್ರ ಆತ ಕಥೆಯ ಉಳಿದ ಭಾಗವನ್ನೂ ನಂಬಬಲ್ಲ. ಎಲ್ಲವೂ ಚೆನ್ನಾಗಿದೆ ಎಂದು ಹೇಳುವ ಸರ್ಕಾರಿ ಚಿತ್ರಗಳನ್ನು ಆತ ಸಾಕಷ್ಟು ನೋಡಿದ್ದ. ಹೊರಗಿನಿಂದ ಬಂದ ಸಾಹೇಬ ಹೋದ ಮೇಲೂ ಸಂಘವನ್ನು ನಡೆಸಬೇಕಾದವರು ಊರಿನವರೇ ಎಂಬ ಸಂದೇಶ ಭಾಷಣವಿಲ್ಲದೆ ತಲುಪಿತು.

ತೆರೆಯಿಂದ ಹಳ್ಳಿಗೆ

ಚಿತ್ರ ಮೊದಲು ಗುಜರಾತಿನಲ್ಲೇ ಗೆದ್ದಿತು. ‘ನಮ್ಮ ಸಿನಿಮಾ’ ನೋಡಲು ರೈತರು ಗಾಡಿ, ಟ್ರಕ್ಕುಗಳಲ್ಲಿ ಪಟ್ಟಣಕ್ಕೆ ಬಂದರು. ನಿರ್ಮಾಪಕರೇ ಟಿಕೆಟ್ ಕೊಂಡು ನೋಡಿದ ಅಪರೂಪದ ಚಿತ್ರ ಇದು. ಅತ್ಯುತ್ತಮ ಹಿಂದಿ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ತೆಂಡೂಲ್ಕರ್ ಚಿತ್ರಕಥೆಗೂ ಪ್ರಶಸ್ತಿ ದೊರೆಯಿತು. ಆಸ್ಕರ್ ಸ್ಪರ್ಧೆಗೆ ಭಾರತ ಕಳುಹಿಸಿದ ಚಿತ್ರವೂ ಇದೇ.

ಆದರೆ ಅದರ ನಿಜವಾದ ಕೆಲಸ ಶುರುವಾದದ್ದು ಚಿತ್ರಮಂದಿರದ ಹೊರಗೆ. 16 ಎಂ.ಎಂ. ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ರಾಜ್ಯಗಳ ಹಳ್ಳಿಗಳಲ್ಲಿ ತೋರಿಸಲಾಯಿತು. ಮುಂದೆ ವಿಡಿಯೊ ಕ್ಯಾಸೆಟ್‌ಗಳೂ ಓಡಾಡಿದವು. ಚಿತ್ರದ ಜೊತೆಗೇ ಪಶುವೈದ್ಯ, ಹಾಲಿನ ತಂತ್ರಜ್ಞ, ಮೇವಿನ ತಜ್ಞರ ತಂಡವೂ ಹಳ್ಳಿಗೆ ಬರುತ್ತಿತ್ತು. ಚಿತ್ರ ನೋಡಿದವರು ಮರುದಿನ ಕೇಳುವ ಪ್ರಶ್ನೆಗೆ ಉತ್ತರಿಸಲು, ಸಂಘ ಕಟ್ಟಲು ಮನುಷ್ಯರು ಅಲ್ಲೇ ಇದ್ದರು. ಕಥೆ ಬಾಗಿಲು ತೆರೆಯುತ್ತಿತ್ತು, ಒಳಗೆ ಕಾಲಿಡುವುದು ತಂಡದ ಹೊಣೆಯಾಗಿತ್ತು. ಹಾಲಿನ ಕ್ಯಾನು, ತೂಕದ ಯಂತ್ರ, ತಪ್ಪದೆ ಬರುವ ಹಣ ಇವಿಲ್ಲದಿದ್ದರೆ ಎಂಥ ಚಿತ್ರವೂ ಒಂದು ರಾತ್ರಿಯ ಮನರಂಜನೆಯಾಗಿ ಮುಗಿಯುತ್ತಿತ್ತು.

ಪ್ರೀತಿ ಸಾಗರ್ ಹಾಡಿದ ಚಿತ್ರದ ಗೀತೆ ಅನಂತರದ ವರ್ಷಗಳಲ್ಲಿ ಅಮುಲ್‌ನ ಟಿ.ವಿ. ಜಾಹೀರಾತಿಗೂ ಬಳಕೆಯಾಯಿತು. ಸಿನಿಮಾ ನೋಡದವರಿಗೂ ಹಾಲಿನ ಹಿಂದೆ ಒಬ್ಬ ಹಳ್ಳಿ ಹೆಣ್ಣುಮಗಳ ಮುಖ ಕಾಣುವಂತಾಯಿತು.

ಉಳಿದ ಪ್ರಶ್ನೆ

ಚಿತ್ರ ಎತ್ತಿದ ಒಂದು ಪ್ರಶ್ನೆ ಅದನ್ನು ತೆಗೆಸಿದ ಸಂಘಗಳನ್ನೇ ಕಾಡುವಂಥದು. ಎಮ್ಮೆ ಬಿಂದುವಿನದು, ದುಡಿಮೆ ಬಿಂದುವಿನದು. ಕಾಗದದ ಮೇಲಿನ ಅವಳ ಹೆಬ್ಬೆಟ್ಟು ಮಾತ್ರ ಬೇರೆಯವರ ಕೈಯಲ್ಲಿ. ಮೇವು ಹಾಕಿ, ಸಗಣಿ ಬಾಚಿ, ಹಾಲು ಕರೆಯುವ ಕೆಲಸ ಬಹುಪಾಲು ಹೆಂಗಸರದಾದರೂ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಬಹುಕಾಲ ಗಂಡಸರ ಹೆಸರುಗಳೇ ಹೆಚ್ಚಿದ್ದವು. ಆನಂದ್ ಮಾದರಿಯನ್ನು ಅನುಸರಿಸಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹೈನುಗಾರಿಕೆ ಯೋಜನೆ ಆರಂಭಿಸಿದ ಕರ್ನಾಟಕದಲ್ಲೂ ಮಹಿಳೆಯರೇ ಸದಸ್ಯರಾಗಿ, ಮಹಿಳೆಯರೇ ಲೆಕ್ಕ ಬರೆಯುವ ಪ್ರತ್ಯೇಕ ಸಂಘಗಳು ಆಮೇಲೆ ಹುಟ್ಟಿಕೊಂಡವು. ‘ನಂದಿನಿ’ ಹಾಲಿನ ಕ್ಯಾನು ತುಂಬುವವರಲ್ಲಿ ಈ ಸಂಘಗಳೂ ಸೇರಿವೆ.

ಕುರಿಯನ್ 2012ರಲ್ಲಿ, ಕಾರ್ನಾಡ 2019ರಲ್ಲಿ ತೀರಿಕೊಂಡರು. ಕಾಲನ ಹೊಡೆತಕ್ಕೆ ಸಿಕ್ಕು ಹಾಳಾಗಿದ್ದ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆ ಪುನರುಜ್ಜೀವನಗೊಳಿಸಿತು. ಖರ್ಚಿಗೆ ಕೈಜೋಡಿಸಿದ್ದು ಅದೇ ಗುಜರಾತ್ ಹಾಲು ಮಹಾಮಂಡಳ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನಗೊಂಡಿತು. ಜೂನ್‌ನಲ್ಲಿ ಭಾರತದ ಚಿತ್ರಮಂದಿರಗಳಿಗೂ ಮರಳಿತು. ಅದೇ ವರ್ಷದ ಡಿಸೆಂಬರ್ 23ರಂದು ಬೆನಗಲ್ ನಿಧನರಾದರು.

ವ್ಯಾಪಾರ ಬೆಳೆಸಲು ವಿಡಿಯೊ ಮಾಡುವವರು ‘ಮಂಥನ್’ನಿಂದ ಕಲಿಯಬೇಕಾದುದು ಕ್ಯಾಮೆರಾ ಚಳಕವನ್ನಲ್ಲ. ಎರಡು ಗಂಟೆಗೂ ಹೆಚ್ಚಿನ ಆ ಚಿತ್ರದಲ್ಲಿ ‘ನಮ್ಮ ಹಾಲೇ ಶ್ರೇಷ್ಠ’ ಎಂಬ ಮಾತು ಎಲ್ಲೂ ಬರುವುದಿಲ್ಲ. ಹಾಲು ಕರೆಯುವವರ ಬದುಕು ಹೇಗಿದೆ, ಅದು ಯಾಕೆ ಬದಲಾಗುವುದಿಲ್ಲ ಎಂಬುದಷ್ಟೇ ಅದರ ವಸ್ತು. ತಮ್ಮ ಊರಿನ ಒಡಕನ್ನು ತಮ್ಮದೇ ದುಡ್ಡಿನಲ್ಲಿ ಜಗತ್ತಿಗೆ ತೋರಿಸಲು ಐದು ಲಕ್ಷ ರೈತರು ಹಿಂಜರಿಯಲಿಲ್ಲ. ಇತರ ರಾಜ್ಯಗಳ ರೈತರು ಅವರ ಮಾತನ್ನು ನಂಬಿದ್ದು ಬಹುಶಃ ಅದೇ ಕಾರಣಕ್ಕೆ.