ಸಾಮಿನಲ್ಲಿ ಸ್ನಾಯುಗಳ ಕೂಡುದುಡಿಮೆ

ದಂಡ ಹೊಡೆಯುವಾಗ, ಬಸ್ಕಿ ತೆಗೆಯುವಾಗ, ಭಾರ ಎತ್ತುವಾಗ ಹಲವು ಸ್ನಾಯುಗಳು ಸೇರಿ ಕೆಲಸ ಮಾಡುತ್ತವೆ. ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬಾರದು. ಅದಕ್ಕೇ ಕೀಲುಗಳ ಸುತ್ತ ಎದುರುಬದುರು ಸ್ನಾಯುಗಳಿವೆ: ಮೊಣಕೈ ಮಡಿಸಲು ಮುಂದೆ ಬೈಸೆಪ್ಸ್, ಚಾಚಲು ಹಿಂದೆ ಟ್ರೈಸೆಪ್ಸ್.

ಕನ್ನಡನಾಡಿನ ಜಟ್ಟಿಗಳ ಸಾಮಿಗೆ ಹಳೆಯ ಲಿಖಿತ ಆಧಾರವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗದಲ್ಲಿ ಭಾರ ಎತ್ತುವುದು, ಈಜು, ಕಂಬದ ಸಾಮು ಬಂದಿವೆ. ಇವುಗಳಲ್ಲಿ ಯಾವುದೂ ಒಂದೇ ಸ್ನಾಯುವಿನ ಕೆಲಸವಲ್ಲ. ಗರಡಿಯ ದಂಡವೂ ಹಾಗೆಯೇ. ಎದೆ ಮತ್ತು ಟ್ರೈಸೆಪ್ಸ್ ಮೈಯನ್ನು ಮೇಲೆತ್ತುವಾಗ ಹೊಟ್ಟೆಯ ಸ್ನಾಯುಗಳು ನಡು ಕುಸಿಯದಂತೆ ಬಿಗಿಹಿಡಿದಿರುತ್ತವೆ.

ಒಂದು ಸ್ನಾಯು ಕುಗ್ಗಿದಾಗ ಅದರ ಎದುರಿನದು ಸಡಿಲಗೊಳ್ಳುವಂತೆ ನರಮಂಡಲವೇ ಏರ್ಪಡಿಸುತ್ತದೆ ಎಂದು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ತೋರಿಸಿದರು. ನರಕೋಶಗಳ ಕುರಿತ ಸಂಶೋಧನೆಗಾಗಿ 1932ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಬಸ್ಕಿ ಈ ನಿಯಮಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಕುಳಿತಲ್ಲಿಂದ ಏಳುವಾಗ ತೊಡೆಯ ಮುಂದಿನ ಸ್ನಾಯು ಮಂಡಿಯನ್ನು ನೀಳಗೊಳಿಸುತ್ತದೆ. ಹಿಂದಿನದು ಮಂಡಿಯನ್ನು ಮಡಿಸುವ ಸ್ನಾಯು, ಆದರೂ ಅದೇ ಹೊತ್ತಿನಲ್ಲಿ ಅದೂ ಬಿಗಿಯುತ್ತದೆ. ಅಮೆರಿಕದ ವಾರನ್ ಲೊಂಬಾರ್ಡ್ 1903ರಲ್ಲಿ ಈ ಒಗಟನ್ನು ಚರ್ಚಿಸಿದರು. ಉತ್ತರ ಸನ್ನೆಯ ಲೆಕ್ಕದಲ್ಲಿದೆ. ಹಿಂದಿನ ಸ್ನಾಯು ಸೊಂಟ, ಮಂಡಿ ಎರಡನ್ನೂ ದಾಟುತ್ತದೆ. ಅದಕ್ಕೆ ಮಂಡಿಗಿಂತ ಸೊಂಟದ ಕೀಲಿನಲ್ಲಿ ಸನ್ನೆಯ ಬಲ ಹೆಚ್ಚು. ಎರಡನ್ನೂ ದಾಟುವ ಮುಂದಿನ ಸ್ನಾಯುವಿಗೆ ಮಂಡಿಯಲ್ಲಿ ಹೆಚ್ಚು. ಹೀಗಾಗಿ ಎರಡೂ ಎಳೆದರೂ ಸೊಂಟ, ಮಂಡಿಗಳು ಒಟ್ಟಿಗೇ ನೆಟ್ಟಗಾಗುತ್ತವೆ. ಇಷ್ಟು ಸೊಗಸಾದ ಏರ್ಪಾಡು ಇರುವುದರಿಂದಲೇ ಬಸ್ಕಿಯನ್ನು ಬರೀ ತೊಡೆಯ ವ್ಯಾಯಾಮ ಎನ್ನುವುದು ಸರಿಯಲ್ಲ.

ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ, ‘ಶಾಂತಲಾ’ ಕಾದಂಬರಿಯ ಕರ್ತೃ ಕೆ.ವಿ. ಅಯ್ಯರ್ ಭಾರ ಎತ್ತುವ ಅಭ್ಯಾಸದ ಜೊತೆಗೆ, ಹಲವು ಸ್ನಾಯುಗಳು ಕೂಡಿ ದುಡಿಯುವ ಸೂರ್ಯನಮಸ್ಕಾರವನ್ನೂ ಕಲಿಸಿದರು.

ಸ್ನಾಯುಗಳ ಕೂಡುದುಡಿಮೆ ಕುಸ್ತಿಯಲ್ಲೂ ಬೇಕು. ದಾಂಡೇಲಿ ಸೀಮೆಯಲ್ಲಿ ಕುಸ್ತಿಗೆ ಹೆಸರಾದ ಊರು ಹಳಿಯಾಳ. ಅಲ್ಲಿನ ಕ್ರೀಡಾ ವಸತಿ ನಿಲಯದಲ್ಲಿ ಕುಸ್ತಿಯ ತರಬೇತಿ ನಡೆಯುತ್ತದೆ. ಹಿಡಿತಕ್ಕೆ ಬಿದ್ದ ಪೈಲ್ವಾನನಿಗೆ ಎದುರಾಳಿ ಯಾವ ಕಡೆಗೆ ಎಳೆದಾನೆಂಬುದು ಮೊದಲೇ ತಿಳಿಯದು. ಆಗ ಕೀಲಿನ ಎರಡೂ ಬದಿಯ ಸ್ನಾಯುಗಳು ಒಟ್ಟಿಗೆ ಬಿಗಿದು ಅದನ್ನು ಗಟ್ಟಿಯಾಗಿ ನಿಲ್ಲಿಸುತ್ತವೆ. ಯಂತ್ರದ ಮೇಲೆ ಕೂತು ಒಂದೊಂದೇ ಸ್ನಾಯುವನ್ನು ಬೆಳೆಸುವ ಅಭ್ಯಾಸವೊಂದರಿಂದಲೇ ಈ ಹೊಂದಾಣಿಕೆ ಬರುವುದಿಲ್ಲ. ಜೊತೆಯವರೊಡನೆ ಹಿಡಿತ ಹಾಕಿಯೇ ಅದನ್ನು ರೂಢಿಸಿಕೊಳ್ಳಬೇಕು.