ಎರಡು ಎತ್ತು, ಇಬ್ಬರು ಸದಸ್ಯರು: ಕನ್ನಡೀಕರಣದ ಕಿರುಭಾಷೆಗಳಲ್ಲಿ ವಚನದ ಪ್ರಶ್ನೆ

ಒಂದೇ ಬಗೆಯ ಕೆಲಸಕ್ಕಾಗಿ ರೂಪಿಸಿದ, ಆ ಕೆಲಸದಾಚೆ ಉಪಯೋಗಕ್ಕೆ ಬಾರದ ಕಂಪ್ಯೂಟರ್ ಭಾಷೆಯನ್ನು ಕ್ಷೇತ್ರನಿರ್ದಿಷ್ಟ ಭಾಷೆ ಎನ್ನಲಾಗುತ್ತದೆ. ಜಾನ್ ಬೆಂಟ್ಲಿ 1986ರಲ್ಲಿ ಇಂಥವನ್ನು ಕಿರುಭಾಷೆಗಳೆಂದು ಕರೆದರು. ಮೆರ್ನಿಕ್, ಹೀರಿಂಗ್ ಮತ್ತು ಸ್ಲೋನ್ 2005ರ ತಮ್ಮ ಸಮೀಕ್ಷೆಯಲ್ಲಿ ಅವನ್ನು ಯಾವಾಗ, ಹೇಗೆ ಕಟ್ಟಬೇಕೆಂಬುದನ್ನು ವಿವರಿಸಿದರು. ಇಷ್ಟರ ಮಟ್ಟಿಗೆ ವಿವಾದವಿಲ್ಲ. ಆದರೆ ಮಾರ್ಟಿನ್ ಫೌಲರ್ 2008ರಲ್ಲಿ ಮಂಡಿಸಿದ ನಿಲುವು ಮರುಪರಿಶೀಲನೆಗೆ ತಕ್ಕುದು. ಕ್ಷೇತ್ರದ ಅನುಭವಿಗಳು ಇಂಥ ಭಾಷೆಯಲ್ಲಿ ತಾವೇ ಬರೆಯಬೇಕಾಗಿಲ್ಲ, ಪ್ರೋಗ್ರಾಮರ್ ಬರೆದದ್ದನ್ನು ಓದಿ ತಪ್ಪು ಹಿಡಿಯುವಂತಾದರೆ ಅದೇ ದೊಡ್ಡ ಲಾಭವೆಂಬುದು ಅದರ ಸಾರ. ಹಲವರು ಕೂಡಿ ನಡೆಸುವ ತಂತ್ರಾಂಶ ಕನ್ನಡೀಕರಣದಲ್ಲಿ ಈ ನಿಲುವು ನಿಲ್ಲುವುದಿಲ್ಲವೆಂಬುದಕ್ಕೆ ಹುಕ್ಕೇರಿ, ಗೋಕಾಕ ಸೀಮೆಯ ಆಡುಮಾತೇ ಸಾಕ್ಷ್ಯ ಒದಗಿಸುತ್ತದೆ.

ತಂತ್ರಾಂಶದ ಸಂದೇಶಗಳನ್ನು ಅನುವಾದಿಸಲು ಬಳಸುವ ಗ್ನೂ ಗೆಟ್‌ಟೆಕ್ಸ್ಟ್ ವ್ಯವಸ್ಥೆಯಲ್ಲಿ ಅನುವಾದಕರು ತುಂಬುವ ಪಿಒ ಕಡತದ ತಲೆಬರಹದಲ್ಲಿ ಇಂಥದೇ ಕಿರುಭಾಷೆಯಲ್ಲಿ ಬರೆದ ವಚನದ ಸೂತ್ರವೊಂದಿರುತ್ತದೆ. ಭಾಷೆಗೆ ಎಷ್ಟು ವಚನರೂಪಗಳಿವೆ, ಯಾವ ಸಂಖ್ಯೆಗೆ ಯಾವ ರೂಪ ಎಂಬುದನ್ನು ಅದು ಹೇಳುತ್ತದೆ. ಕನ್ನಡಕ್ಕೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಸೂತ್ರದ ಪ್ರಕಾರ ಒಂದಕ್ಕೆ ಏಕವಚನ, ಸೊನ್ನೆ ಸೇರಿದಂತೆ ಉಳಿದೆಲ್ಲಕ್ಕೂ ಬಹುವಚನ. ಯೂನಿಕೋಡ್ ಸಂಸ್ಥೆ ಭಾಷಾವಾರು ನಿಯಮಗಳನ್ನು ಕೂಡಿಟ್ಟಿರುವ ಸಿಎಲ್‌ಡಿಆರ್ ದತ್ತಸಂಗ್ರಹವಾದರೋ ಸೊನ್ನೆಯನ್ನೂ ಅರ್ಧದಂಥ ಒಂದಕ್ಕಿಂತ ಕಡಿಮೆಯ ಭಿನ್ನರಾಶಿಗಳನ್ನೂ ಏಕವಚನಕ್ಕೆ ಸೇರಿಸುತ್ತದೆ.

ಇವೆರಡರಲ್ಲಿ ಯಾವುದು ಸರಿ ಎಂದು ಕೇಳುವ ಮೊದಲು ಕನ್ನಡದಲ್ಲಿ ವಚನ ಎಲ್ಲಿ ಮೈದೋರುತ್ತದೆಂಬುದನ್ನು ನೋಡಬೇಕು. ಹುಕ್ಕೇರಿಯ ಒಕ್ಕಲಿಗ ‘ಒಂದ ಎತ್ತ ಐತಿ’ ಎನ್ನುತ್ತಾನೆ, ‘ಎರಡ ಎತ್ತ ಅದಾವ’ ಎನ್ನುತ್ತಾನೆ. ನಾಮಪದ ಕದಲದೆ ನಿಲ್ಲುತ್ತದೆ, ಕ್ರಿಯಾಪದ ಬದಲಾಗುತ್ತದೆ. ಆದ್ದರಿಂದ ಸಂಖ್ಯೆಯ ಮುಂದೆ ‘ಗಳು’ ಬೇಕಿಲ್ಲವಾದ ಕಾರಣ ಕನ್ನಡಕ್ಕೆ ಒಂದೇ ವಚನರೂಪ ಸಾಕೆಂದು ಯಾರಾದರೂ ವಾದಿಸಿದರೆ ಅದು ನಾಮಪದವನ್ನಷ್ಟೇ ಕಂಡ ವಾದವಾಗುತ್ತದೆ. ಸೊನ್ನೆಯ ಸ್ಥಿತಿ ಇನ್ನೂ ವಿಚಿತ್ರ: ‘ಒಂದೂ ಎತ್ತ ಇಲ್ಲ’ ಎಂಬಲ್ಲಿನ ‘ಇಲ್ಲ’ ವಚನವನ್ನೇ ಅರಿಯದ ಪದ. ಹೀಗಾಗಿ ಸೊನ್ನೆ ಯಾವ ವಚನಕ್ಕೆ ಸೇರಬೇಕೆಂಬ ಎರಡು ಸೂತ್ರಗಳ ಜಗಳ ಕನ್ನಡದ ಮಟ್ಟಿಗೆ ಇಲ್ಲದ ಆಸ್ತಿಗೆ ಹೂಡಿದ ದಾವೆಯಂತಿದೆ. ಅಳತೆಯ ಮಾತು ಬಂದರೆ ‘ಹತ್ತ ಎಕರೆ ಹೊಲ ಐತಿ’ ಎಂದು ಕ್ರಿಯಾಪದವೂ ಏಕವಚನಕ್ಕೆ ಮರಳುತ್ತದೆ, ಏಕೆಂದರೆ ಎಣಿಸಿದ್ದು ಎಕರೆಯನ್ನು, ಇರುವುದು ಹೊಲ. ಸಂಖ್ಯೆಯೊಂದನ್ನೇ ನೋಡಿ ರೂಪವನ್ನು ನಿರ್ಧರಿಸುವ ಸೂತ್ರಕ್ಕೆ ಈ ಭೇದ ಕಾಣಿಸದು.

ಮನುಷ್ಯವಾಚಿಗಳಲ್ಲಿ ತೊಡಕು ಸಂಖ್ಯಾವಾಚಕಕ್ಕೇ ತಾಗುತ್ತದೆ. ಎರಡು ಕಡತ ಸರಿ, ‘ಎರಡು ಸದಸ್ಯರು’ ತಪ್ಪು. ಇಬ್ಬರು, ಮೂವರು, ನಾಲ್ವರು, ಐವರು ಎಂಬ ಬೇರೆ ರೂಪಗಳೇ ಬೇಕು. ಪರದೆಯ ಮೇಲೆ ‘2 ಸದಸ್ಯರು’ ಎಂದಿದ್ದರೆ ಓದುಗನೇ ‘ಇಬ್ಬರು’ ಎಂದು ಓದಿಕೊಳ್ಳುವುದರಿಂದ ದೋಷ ಅಂಕಿಯ ಮರೆಯಲ್ಲಿ ಅಡಗಿರುತ್ತದೆ. ಅಂಧರಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶ ಅದನ್ನು ‘ಎರಡು’ ಎಂದು ಉಚ್ಚರಿಸಿದೊಡನೆ ಬಯಲಾಗುತ್ತದೆ. ಗೆಟ್‌ಟೆಕ್ಸ್ಟ್ ಸೂತ್ರದಲ್ಲಿ ಎರಡು, ಮೂರು, ನಾಲ್ಕು, ಐದಕ್ಕೆ ಬೇರೆ ರೂಪಗಳನ್ನು ಘೋಷಿಸಲು ಅಡ್ಡಿಯಿಲ್ಲ, ಆದರೆ ಸೂತ್ರ ಇಡೀ ಕಡತಕ್ಕೆ ಅನ್ವಯಿಸುವುದರಿಂದ, ಸದಸ್ಯರ ಒಂದು ಸಂದೇಶಕ್ಕಾಗಿ ಎಣಿಕೆಯುಳ್ಳ ಪ್ರತಿಯೊಂದು ಸಂದೇಶವನ್ನೂ ಅಷ್ಟೇ ಬಾರಿ ತುಂಬಬೇಕಾಗುತ್ತದೆ. ಮಿಗಿಲಾಗಿ, ಮೂಲ ಬರೆದ ಪ್ರೋಗ್ರಾಮರ್ ವಚನಭೇದಕ್ಕೆ ಎಡೆಗೊಡದೆ ಸಂದೇಶ ಬರೆದಿದ್ದರೆ ಅನುವಾದಕರ ಕೈ ಕಟ್ಟಿದಂತೆಯೇ ಸರಿ.

ಮೊಜಿಲ್ಲಾ ಸಂಸ್ಥೆ 2019ರಲ್ಲಿ ಮೊದಲ ಆವೃತ್ತಿ ಹೊರತಂದ ಫ್ಲೂಯೆಂಟ್ ಎಂಬ ಕಿರುಭಾಷೆ ವಚನಭೇದಕ್ಕೆ ಎಡೆಗೊಡುವ ಅಧಿಕಾರವನ್ನು ಪ್ರೋಗ್ರಾಮರ್ ಕೈಯಿಂದ ಅನುವಾದಕರ ಕೈಗೆ ಸರಿಸಿತು. ಪ್ರೋಗ್ರಾಮರ್ ಸಂಖ್ಯೆಯನ್ನು ಕೊಟ್ಟರೆ ಸಾಕು. ಇಂಗ್ಲಿಷ್ ಮೂಲದಲ್ಲಿ ಕವಲೇ ಇಲ್ಲದಿದ್ದರೂ ಅನುವಾದಕರು ತಮ್ಮ ಸಂದೇಶದಲ್ಲಿ ಕವಲು ತೆರೆದು, ಸೊನ್ನೆಗೆ ‘ಇಲ್ಲ’, ಎರಡಕ್ಕೆ ‘ಇಬ್ಬರು’ ಎಂದು ಆ ಸಂದೇಶದ ಮಟ್ಟಿಗೇ ಬರೆಯಬಲ್ಲರು. ಫೌಲರ್ ನಿಲುವಿನ ಕೊರತೆ ಕಾಣುವುದು ಇಲ್ಲಿ: ಸೂತ್ರವನ್ನು ಎಷ್ಟು ಓದಿದರೂ ಅದು ಹೇಳಲಾಗದೆ ಬಿಟ್ಟದ್ದು ಓದುಗನಿಗೆ ದೊರೆಯದು, ಬರೆಯಲು ಕುಳಿತವನಿಗಷ್ಟೇ ಅದು ಎದುರಾಗುತ್ತದೆ.

ಈ ಮಾತಿಗೆ ಮಿತಿಗಳಿವೆ. ಫೌಲರ್ ಕಣ್ಣಮುಂದಿದ್ದವರು ಬಹುಮಟ್ಟಿಗೆ ತಂತ್ರಾಂಶ ಬರೆಸುವ ವ್ಯವಹಾರಸ್ಥರು, ಕಡತವನ್ನು ತಾವೇ ತಿದ್ದುವ ಅನುವಾದಕರಲ್ಲ. ಫೌಲರ್ ಎಚ್ಚರಿಕೆ ಆ ಸಂದರ್ಭದಲ್ಲಿ ಯುಕ್ತವೇ ಇರಬಹುದು. ಗ್ರಾಂಥಿಕ ಕನ್ನಡದಲ್ಲಿ ಸಂಖ್ಯೆಯ ಮುಂದೆ ‘ಗಳು’ ಬಳಸುವ ರೂಢಿ ಪ್ರಬಲವಾಗಿರುವುದರಿಂದ, ಒಂದು ಸೀಮೆಯ ಆಡುಮಾತು ಇಡೀ ಭಾಷೆಯ ಪ್ರಮಾಣವಾಗಲಾರದು ಎಂಬ ಆಕ್ಷೇಪವೂ ತಳ್ಳಿಹಾಕುವಂಥದಲ್ಲ. ಗೌರವ ಬಹುವಚನವಂತೂ ಬಗೆಹರಿಯದೆ ಉಳಿದಿದೆ: ‘ಒಬ್ಬರು ಅಧ್ಯಕ್ಷರು ಅದಾರ’ ಎಂಬಲ್ಲಿ ಸಂಖ್ಯೆ ಒಂದಾದರೂ ನಾಮಪದ, ಕ್ರಿಯಾಪದಗಳೆರಡೂ ಬಹುವಚನದಲ್ಲಿವೆ. ಅದು ಎಣಿಕೆಯಿಂದಲ್ಲ, ಮರ್ಯಾದೆಯಿಂದ ಬಂದ ಬಹುವಚನವಾದ್ದರಿಂದ ಎಣಿಕೆಯನ್ನಷ್ಟೇ ಕೇಳುವ ಸಿಎಲ್‌ಡಿಆರ್ ವಚನವರ್ಗಗಳಲ್ಲಿ ಅದಕ್ಕೆ ಸ್ಥಾನವಿಲ್ಲ.